ಕ್ಷಮೆಯ ಪುಸ್ತಕ, ಮುರಿದ ನಂಬಿಕೆ

ಜಾನ್ ವಾನಿಯೇ ಅವರ ‘ಕಮ್ಯೂನಿಟಿ ಅಂಡ್ ಗ್ರೋತ್’ ನಮ್ಮ ಕಾನ್ವೆಂಟುಗಳ, ಗುರುಮಠಗಳ ವಾಚನಾಲಯಗಳಿಗೆ ಹೊಸತಲ್ಲ. 1979ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾದಾಗ ಅದರ ಹೆಸರಿನಲ್ಲೇ ಕ್ಷಮೆ ಎಂಬ ಪದವಿತ್ತು. ಸಮುದಾಯವೆಂದರೆ ಕ್ಷಮೆಯ ಹಾಗೂ ಹಬ್ಬದ ತಾಣ ಎಂಬುದು ಆ ಹೆಸರಿನ ಅರ್ಥ. ಧ್ಯಾನಕೂಟಗಳಲ್ಲಿಯೂ ಆಪ್ತಸಮಾಲೋಚನೆಯ ತರಬೇತಿಗಳಲ್ಲಿಯೂ ಇದನ್ನು ಓದಿಸಿದವರಲ್ಲಿ ನಾನೂ ಒಬ್ಬ. ಈಗ ಅದನ್ನು ಮತ್ತೆ ಕೈಗೆತ್ತಿಕೊಂಡಿರುವುದು ಬೇರೊಂದು ಪ್ರಶ್ನೆಯೊಡನೆ: ಧರ್ಮಸಭೆಯ ಹಿರಿಯರಿಂದಲೇ ವಂಚನೆಗೊಳಗಾಗಿ ಬಂದವರ ಕೈಗೆ ಈ ಪುಸ್ತಕವನ್ನು ಕೊಡಬಹುದೇ?

ವಾನಿಯೇ ಗುರುಗಳಲ್ಲ, ಶ್ರೀಸಾಮಾನ್ಯರು. 1964ರಲ್ಲಿ ಫ್ರಾನ್ಸಿನ ತ್ರೋಲಿ-ಬ್ರೋಯಿ ಎಂಬ ಹಳ್ಳಿಯಲ್ಲಿ ಬುದ್ಧಿಮಾಂದ್ಯರೊಡನೆ ಒಂದೇ ಸೂರಿನಡಿ ಬಾಳಲು ಆರಂಭಿಸಿದರು. ಅದೇ ‘ಲಾರ್ಶ್’, ಅಂದರೆ ನಾವೆ. 1970ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ‘ಆಶಾ ನಿಕೇತನ’ ಎಂಬ ಹೆಸರಿನಲ್ಲಿ ಆ ನಾವೆಯ ಒಂದು ಮನೆ ತೆರೆಯಿತು. 2015ರಲ್ಲಿ ಟೆಂಪಲ್‌ಟನ್ ಪ್ರಶಸ್ತಿ ಬಂತು. 2019ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ, ಸಂತರೊಬ್ಬರನ್ನು ಕಳೆದುಕೊಂಡೆವೆಂದು ಅನೇಕರು ಕಂಬನಿ ಮಿಡಿದರು.

ವರ್ಷ ತುಂಬುವ ಮೊದಲೇ, 2020ರ ಫೆಬ್ರವರಿಯಲ್ಲಿ, ಲಾರ್ಶ್ ಸಂಸ್ಥೆಯೇ ತಾನು ನಡೆಸಿದ ತನಿಖೆಯ ಫಲವನ್ನು ಹೊರಗಿಟ್ಟಿತು. ಆತ್ಮಿಕ ಮಾರ್ಗದರ್ಶನ ಬಯಸಿ ಬಂದ ಆರು ಮಂದಿ ಮಹಿಳೆಯರನ್ನು ವಾನಿಯೇ ಲೈಂಗಿಕವಾಗಿ ದುರುಪಯೋಗಪಡಿಸಿಕೊಂಡಿದ್ದರು. 2023ರ ಜನವರಿಯಲ್ಲಿ ಅಧ್ಯಯನ ಆಯೋಗವೊಂದು ಸುಮಾರು 900 ಪುಟಗಳ ವರದಿ ಕೊಟ್ಟಾಗ ಆ ಸಂಖ್ಯೆ ಕನಿಷ್ಠ 25ಕ್ಕೆ ಏರಿತು. ಅವರಲ್ಲಿ ಯಾರೂ ಬುದ್ಧಿಮಾಂದ್ಯರಲ್ಲ ಎಂಬುದನ್ನೂ ಆ ವರದಿಗಳು ಸ್ಪಷ್ಟಪಡಿಸಿದವು. ವಾನಿಯೇ ತಮ್ಮ ಆತ್ಮಿಕ ತಂದೆಯೆಂದು ಕರೆಯುತ್ತಿದ್ದ ಡೊಮಿನಿಕನ್ ಗುರು ತೋಮಾಸ್ ಫಿಲಿಪ್ ಅವರನ್ನು ಇಂಥದೇ ಅಪರಾಧಕ್ಕಾಗಿ ವ್ಯಾಟಿಕನ್ 1956ರಲ್ಲಿಯೇ ದಂಡಿಸಿತ್ತು. ತಮಗೆ ಅದೊಂದೂ ತಿಳಿದಿರಲಿಲ್ಲವೆಂದು ವಾನಿಯೇ ಇಳಿವಯಸ್ಸಿನಲ್ಲಿ ಬರೆದರು. ತಿಳಿದಿತ್ತು ಎಂಬುದಕ್ಕೆ ಪತ್ರಗಳೇ ಸಾಕ್ಷಿಯಾದವು.

ಇನ್ನು ಪುಸ್ತಕದ ಮಾತು. ಬರೆದವನು ಕೆಟ್ಟವನಾದರೆ ಬರಹವೂ ಕೆಟ್ಟದ್ದೇ ಎಂದು ಕೇಳುವವರಿದ್ದಾರೆ. ಸಂಸ್ಕಾರಗಳ ಫಲ ಅವುಗಳನ್ನು ನೀಡುವ ಗುರುವಿನ ಪಾವಿತ್ರ್ಯವನ್ನು ಅವಲಂಬಿಸಿಲ್ಲವೆಂದು ಸಂತ ಅಗಸ್ಟೀನರು ದೊನಾತಿಸ್ಟರಿಗೆ ಉತ್ತರಿಸಿದ್ದನ್ನು ಅವರ ವಾದಕ್ಕೆ ಎದುರಾಗಿ ಮುಂದಿಡುವವರೂ ಇದ್ದಾರೆ. ಈ ಸಮಾಧಾನ ನನಗೆ ಸಾಲದು. ಸಂಸ್ಕಾರದಲ್ಲಿ ಕಾರ್ಯಮಾಡುವವರು ಕ್ರಿಸ್ತರು. ಆತ್ಮಿಕ ಸಲಹೆಯ ಪುಸ್ತಕವಾದರೋ ಬರೆದವನ ಬಾಳನ್ನೇ ಜಾಮೀನಾಗಿ ಇಟ್ಟು ಓದುಗನ ನಂಬಿಕೆಯನ್ನು ಕೇಳುತ್ತದೆ. ಜಾಮೀನು ಹುಸಿಯಾದಾಗ ಪ್ರತಿ ಸಾಲನ್ನೂ ಮತ್ತೊಮ್ಮೆ ತೂಗಬೇಕಾಗುತ್ತದೆ.

ಹಾಗೆ ತೂಗಿದಾಗ ಉಳಿಯುವುದು ಬಹಳವಿದೆ. ಒಂದೇ ಮನೆಯಲ್ಲಿ ಬಾಳುವವರ ಸಣ್ಣ ಮನಸ್ತಾಪಗಳು, ಊಟದ ಮೇಜಿನ ಮೌನ, ಮತ್ಸರ, ದಣಿವು, ಇವುಗಳ ನಡುವೆ ದಿನವೂ ಕ್ಷಮಿಸಬೇಕಾದ ಅಗತ್ಯ: ಇದನ್ನೆಲ್ಲ ಬಲ್ಲವರಂತೆಯೇ ಅವರು ಬರೆದಿದ್ದಾರೆ. ಗಂಡಹೆಂಡಿರು, ಒಡಹುಟ್ಟಿದವರು ಓದಿದರೆ ನಷ್ಟವೇನಿಲ್ಲ. ಕೊರತೆ ಇರುವುದು ಬೇರೆಡೆ. ಅಲ್ಲಿನ ಕ್ಷಮೆ ಸರಿಸಮಾನರ ನಡುವಿನದು. ಅಧಿಕಾರವನ್ನು ಆ ಪುಸ್ತಕ ವರವೆಂದೂ ಸೇವೆಯೆಂದೂ ಕಾಣುತ್ತದೆ. ಆದರೆ ಆ ವರವನ್ನೇ ಆಯುಧ ಮಾಡಿಕೊಂಡವನ ಎದುರು ನಿಂತವಳಿಗೆ ಅದರಲ್ಲಿ ಸಿಗುವ ಬೆಳಕು ತೀರ ಕಡಿಮೆ. ಆಕೆಯ ಅಂತರಂಗದ ಕೀಲಿಕೈ ಅವನ ಬಳಿ ಇದೆ, ಅವನದು ಆಕೆಯ ಬಳಿ ಇಲ್ಲ. ಅಂಥವಳಿಗೆ ‘ಕ್ಷಮಿಸು’ ಎನ್ನುವುದು ಎರಡನೆಯ ಬಾರಿ ಬಾಗಿಲು ಮುಚ್ಚಿದಂತೆ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಈ ವರದಿಗಳು ಬರುವುದಕ್ಕೆ ಬಹಳ ಹಿಂದೆ, ತಾನು ತಂದೆಯೆಂದು ಭಾವಿಸಿದ್ದ ಒಬ್ಬ ಹಿರಿಯರಿಂದ ನೊಂದ ಸೋದರಿಯೊಬ್ಬರು ನನ್ನಲ್ಲಿ ಬಂದಿದ್ದರು. ಎರಡನೆಯ ಭೇಟಿಯಲ್ಲೇ ಈ ಪುಸ್ತಕವನ್ನು ಅವರ ಕೈಗಿತ್ತೆ. ಮುಂದಿನ ವಾರ ಅದನ್ನು ಮೇಜಿನ ಮೇಲಿಟ್ಟು, “ಫಾದರ್, ನಾನು ಕ್ಷಮಿಸಿದರೆ ಯಾರಿಗೆ ನೆಮ್ಮದಿ, ನನಗೋ ನಿಮಗೋ?” ಎಂದು ಕೇಳಿದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ.

ಶ್ರೀಗ್ರಂಥದಲ್ಲಿ ಜೋಸೆಫನ ಕಥೆಯನ್ನು ನಾವು ಕ್ಷಮೆಯ ಆದರ್ಶವೆಂದು ಬೋಧಿಸುತ್ತೇವೆ, ಕೊನೆಯ ಅಪ್ಪುಗೆಗೆ ಅವಸರದಿಂದ ಓಡುತ್ತೇವೆ. ಆದಿಕಾಂಡದ 42ರಿಂದ 45ರವರೆಗಿನ ಅಧ್ಯಾಯಗಳನ್ನು ನಿಧಾನವಾಗಿ ಓದಿದರೆ ಕಾಣುವುದು ಬೇರೆ. ತನ್ನನ್ನು ಮಾರಿದ ಅಣ್ಣಂದಿರು ಧಾನ್ಯಕ್ಕಾಗಿ ಬಂದು ಅಡ್ಡಬಿದ್ದಾಗ ಜೋಸೆಫ ತನ್ನ ಗುರುತು ಹೇಳುವುದಿಲ್ಲ. ದುಭಾಷಿಯ ಮೂಲಕ ಮಾತನಾಡುತ್ತಾನೆ. ಸಿಮೆಯೋನನನ್ನು ಸೆರೆಯಲ್ಲಿಡುತ್ತಾನೆ. ಮರೆಗೆ ಹೋಗಿ ಒಬ್ಬನೇ ಅಳುತ್ತಾನೆ. ಒಮ್ಮೆ ತಮ್ಮನನ್ನು ಮಾರಲು ಸಲಹೆಯಿತ್ತ ಯೆಹೂದನೇ ಈಗ ಬೆನ್ಯಾಮೀನನ ಬದಲು ತಾನು ಗುಲಾಮನಾಗುತ್ತೇನೆಂದು ಮುಂದೆ ಬಂದ ಮೇಲಷ್ಟೇ ಅವನು ತನ್ನನ್ನು ಪ್ರಕಟಪಡಿಸಿಕೊಳ್ಳುವುದು. ಅಷ್ಟು ಹೊತ್ತೂ ಅಧಿಕಾರವಿದ್ದದ್ದು ನೊಂದವನ ಕೈಯಲ್ಲಿ. ನಮ್ಮ ಸಂಧಾನಸಭೆಗಳಲ್ಲಿ ಅದು ಇರುವುದು ಯಾರ ಕೈಯಲ್ಲಿ?

ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರ ತಮ್ಮ ಗ್ರಂಥದಲ್ಲಿ ಇಂಥ ಗಾಯ ಮಾಯುವ ದಾರಿಯನ್ನು ಮೂರು ಘಟ್ಟಗಳಾಗಿ ವಿವರಿಸಿದ್ದಾರೆ: ಮೊದಲು ಸುರಕ್ಷೆ, ಬಳಿಕ ನಡೆದುದನ್ನು ನೆನೆದು ಶೋಕಿಸುವುದು, ಆಮೇಲೆ ಬಾಳಿನೊಡನೆ ಮತ್ತೆ ಬೆಸುಗೆ. ಕ್ಷಮೆ ಅಲ್ಲಿ ಒಂದು ಮೆಟ್ಟಿಲಾಗಿಲ್ಲ. ಕ್ರೈಸ್ತ ಆಪ್ತಸಮಾಲೋಚಕರು ಇದನ್ನು ಲೌಕಿಕವೆಂದು ತಳ್ಳಿಹಾಕಬೇಕಿಲ್ಲ. ಜೋಸೆಫನ ದಾರಿಯೂ ಹೆಚ್ಚು ಕಡಿಮೆ ಇದೇ.

ವಾನಿಯೇ ಪ್ರಕರಣದ ವಿಶೇಷ ಕ್ರೌರ್ಯವನ್ನು ಇಲ್ಲಿ ನೆನೆಯಬೇಕು. ತಮ್ಮ ಕೃತ್ಯಕ್ಕೆ ಅವರು ಯೇಸು-ಮರಿಯಮ್ಮನವರ ಹೆಸರನ್ನೇ ಹೊದಿಸಿದ್ದರು. ಹೀಗೆ ನೊಂದವರಲ್ಲಿ ಪ್ರಾರ್ಥನೆಯ ಮಾತುಗಳೇ ಗಾಯಗೊಂಡಿರುತ್ತವೆ. ಅವರಿಗೆ ನವೇನವನ್ನೋ ಪಾಪನಿವೇದನೆಯನ್ನೋ ಔಷಧವಾಗಿ ಬರೆದುಕೊಡುವ ನಮ್ಮ ರೂಢಿ, ಸುಟ್ಟ ಕೈಗೆ ಕಾದ ಪಾತ್ರೆ ಕೊಟ್ಟಂತಾದೀತು. ಆಕೆ ದೇವಾಲಯದ ಹೊರಗೆ ನಿಂತರೆ ವಿಶ್ವಾಸ ಕಳೆದುಕೊಂಡಳೆಂದು ನೆರೆಹೊರೆ ಆಡಿಕೊಳ್ಳುತ್ತದೆ. ಸ್ನೇಹಿತನ ದ್ರೋಹವನ್ನು ದೇವರ ಮುಂದೆ ದೂರುವ 55ನೆಯ ಕೀರ್ತನೆಯೂ ಪ್ರಾರ್ಥನೆಯೇ ಎಂಬುದನ್ನು ನಾವು ಬೋಧಿಸುವುದು ಅಪರೂಪ.

ಲಾರ್ಶ್ ಮಾಡಿದ ಒಂದು ಕೆಲಸವನ್ನು ಮೆಚ್ಚಲೇಬೇಕು. ಸ್ಥಾಪಕರ ಕೀರ್ತಿಯನ್ನು ಕಾಯುವ ಬದಲು ಅದು ಮಹಿಳೆಯರ ಮಾತನ್ನು ನಂಬಿತು, ಹೊರಗಿನವರಿಂದ ತನಿಖೆ ಮಾಡಿಸಿತು, ಹೆಸರು ಹೇಳಿ ಸತ್ಯವನ್ನು ಪ್ರಕಟಿಸಿತು. ಬುದ್ಧಿಮಾಂದ್ಯರೊಡನೆ ಬಾಳುವ ಅದರ ಮನೆಗಳು ಇಂದಿಗೂ ನಡೆಯುತ್ತಿವೆ. ದೂರುಗಳನ್ನು ಸ್ವೀಕರಿಸಲು ಪ್ರತಿ ಧರ್ಮಪ್ರಾಂತ್ಯದಲ್ಲಿಯೂ ವ್ಯವಸ್ಥೆ ಇರಬೇಕೆಂದು ಪೋಪ್ ಫ್ರಾನ್ಸಿಸ್‌ರವರು 2019ರಲ್ಲಿಯೇ ಶಾಸನ ಮಾಡಿದರು, 2023ರಲ್ಲಿ ಅದನ್ನು ಶಾಶ್ವತಗೊಳಿಸಿದರು. ಆ ವ್ಯವಸ್ಥೆ ಎಲ್ಲಿದೆ, ದೂರನ್ನು ಕೇಳಿಸಿಕೊಳ್ಳುವವರು ಯಾರು ಎಂಬುದು ನಮ್ಮ ಎಷ್ಟು ಕುಟುಂಬಗಳಿಗೆ ಗೊತ್ತು?

ಪುಸ್ತಕ ನನ್ನ ಕಪಾಟಿನಲ್ಲಿ ಇನ್ನೂ ಇದೆ. ಮದುವೆಯ ಸಿದ್ಧತಾ ಶಿಬಿರಕ್ಕೆ ಅದರ ಕೆಲವು ಪುಟಗಳನ್ನು, ಬರೆದವರ ಕಥೆಯನ್ನು ಮರೆಮಾಚದೆ, ಬಳಸುತ್ತೇನೆ. ನೊಂದು ಬಂದವರ ಕೈಗೆ ಕೊಡುವುದನ್ನು ನಿಲ್ಲಿಸಿದ್ದೇನೆ.