ರಾತ್ರಿ ಎರಡು ಗಂಟೆಯ ವಿಮಾನ ನಿಲ್ದಾಣ

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಬಗ್ಗೆ ಯಾರು ಬರೆದರೂ ಅದರ ಬಿದಿರಿನ ಚಾವಣಿ, ಮೇಲಿಂದ ಇಳಿಬಿದ್ದ ಗಿಡಬಳ್ಳಿಗಳಿಂದಲೇ ಶುರುಮಾಡುತ್ತಾರೆ. ಆ ಹೊಗಳಿಕೆ ಸಲ್ಲತಕ್ಕದ್ದೇ. 2022ರ ನವೆಂಬರಿನಲ್ಲಿ ಉದ್ಘಾಟನೆಯಾದ ಆ ಕಟ್ಟಡದ ಒಳಾಂಗಣಕ್ಕೆ ಮರುವರ್ಷವೇ ವಾಸ್ತುಶಿಲ್ಪಕ್ಕೆ ಕೊಡುವ ಪ್ರಿ ವರ್ಸಾಯ್ ವಿಶೇಷ ಪ್ರಶಸ್ತಿಯೂ ಬಂತು. ಆದರೆ ವಿಮಾನ ನಿಲ್ದಾಣದ ಬೆಲೆ ಕಟ್ಟಬೇಕಾದ ಹೊತ್ತು ಹಗಲಲ್ಲ. ಬೆಳಗಿನ ಜಾವದ ವಿಮಾನಕ್ಕೆಂದು ಹಿಂದಿನ ರಾತ್ರಿಯೇ ಬಂದು ಕೂತವರ ಪಾಡು ಹೇಗಿದೆ ಎಂಬುದು ನನ್ನ ಮಟ್ಟಿಗೆ ಮುಖ್ಯ ಪ್ರಶ್ನೆ. ಇದು ದೇವನಹಳ್ಳಿಯೊಂದರ ಮಾತಲ್ಲ, ನಮ್ಮ ದೇಶದ ದೊಡ್ಡ ನಿಲ್ದಾಣಗಳೆಲ್ಲದರ ಮಾತು.

ಹೀಗೆ ರಾತ್ರಿ ಕಳೆಯುವವರನ್ನು ಕಂಡು ‘ಇಷ್ಟು ಬೇಗ ಯಾಕೆ ಬಂದರೋ’ ಎನ್ನುವವರಿದ್ದಾರೆ. ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. ರಾತ್ರಿ ತಂಗಿದ ವಿಮಾನಗಳನ್ನು ಕಂಪನಿಗಳು ಬೆಳಗಿನ ಐದು, ಆರು ಗಂಟೆಗೇ ಹೊರಡಿಸುತ್ತವೆ. ಬೇಗ ಹೊರಟಷ್ಟೂ ಒಂದೇ ವಿಮಾನ ದಿನಕ್ಕೆ ಹೆಚ್ಚು ಸಲ ಹಾರುತ್ತದೆ. ಹಿಂದಿನ ಹಾರಾಟದ ವಿಳಂಬ ತಟ್ಟುವುದಿಲ್ಲವಾದ್ದರಿಂದ ಪ್ರಯಾಣಿಕರಿಗೂ ಆ ಹೊತ್ತು ಅನುಕೂಲ, ಎಷ್ಟೋ ಸಲ ಟಿಕೆಟ್ಟೂ ಅಗ್ಗ. ಇನ್ನು ಯುರೋಪಿಗೆ ಹೋಗುವ ವಿಮಾನಗಳಲ್ಲಿ ಹಲವು ನಡುರಾತ್ರಿ ಕಳೆದ ಮೇಲೆ ಏರುತ್ತವೆ. ಅಲ್ಲಿಗೆ ಬೆಳಿಗ್ಗೆ ಮುಟ್ಟಿದರೆ ಮುಂದಿನ ವಿಮಾನಗಳು ಸಿಗುತ್ತವೆ. ಅದೂ ಅಲ್ಲದೆ ಫ್ರಾಂಕ್‌ಫರ್ಟ್‌ನಂಥ ನಿಲ್ದಾಣದಲ್ಲಿ ರಾತ್ರಿ 11ರಿಂದ ಬೆಳಗಿನ 5ರವರೆಗೆ ನಿಗದಿತ ವಿಮಾನಗಳ ಓಡಾಟಕ್ಕೆ 2011ರಿಂದ ನಿಷೇಧವಿದೆ. ಸುತ್ತಲಿನ ಊರಿನವರ ನಿದ್ದೆ ಕೆಡಬಾರದೆಂದು ಮಾಡಿದ ನಿಯಮ ಅದು, ಒಳ್ಳೆಯ ನಿಯಮ. ಅಲ್ಲಿಯವರ ನಿದ್ದೆಗೆ ಅಷ್ಟು ಯೋಚಿಸಿದ ವಿಮಾನಯಾನ ವ್ಯವಸ್ಥೆ ಇಲ್ಲಿ ಎಚ್ಚರವಿರಬೇಕಾದವರ ಬಗ್ಗೆ ಏನು ಯೋಚಿಸಿದೆ ಎಂದು ಕೇಳುವ ಹಕ್ಕು ನಮಗಿದೆ.

ದೂರದ ಮಾತೂ ಇದೆ. 2008ರ ಮೇ ತಿಂಗಳಲ್ಲಿ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕ ವಿಮಾನಗಳು ದೇವನಹಳ್ಳಿಗೆ ಹೋದಾಗ ಬೆಂಗಳೂರಿನವರಿಗೇ ಅದು ಮೂವತ್ತು ಚಿಲ್ಲರೆ ಕಿಲೋಮೀಟರ್ ಆಯಿತು. ಹಾಸನ, ಚಿತ್ರದುರ್ಗ, ಬಳ್ಳಾರಿಯವರ ಗತಿಯೇನು? ಮಧ್ಯಾಹ್ನವೋ ಸಂಜೆಯೋ ಬಸ್ಸು ಹತ್ತಿ ಮೆಜೆಸ್ಟಿಕ್‌ಗೆ ಬಂದು, ಅಲ್ಲಿಂದ ವಾಯುವಜ್ರ ಬಸ್ಸು ಹಿಡಿದು, ಹತ್ತು ಹನ್ನೊಂದರ ಹೊತ್ತಿಗೆ ನಿಲ್ದಾಣ ಸೇರಬೇಕು. ಮೈಸೂರಿನವರಿಗೆ ನೇರ ಫ್ಲೈಬಸ್ ಇದೆ, ಅದು ದೊಡ್ಡ ಉಪಕಾರ. ಆದರೆ ಬೆಳಿಗ್ಗೆ ಐದರ ವಿಮಾನಕ್ಕಾಗಿ ಹೋಟೆಲಿನಲ್ಲಿ ಕೋಣೆ ಹಿಡಿದರೆ, ಎರಡು ಗಂಟೆಗೆ ಎದ್ದು ಹೊರಡುವ ನಿದ್ದೆಗೆ ಇಡೀ ದಿನದ ಬಾಡಿಗೆ ತೆರಬೇಕು. ನಿಲ್ದಾಣದಲ್ಲೇ ರಾತ್ರಿ ಕಳೆಯುವುದು ಇವರ ಪಾಲಿಗೆ ತೂಗಿ ನೋಡಿ ಮಾಡಿದ ತೀರ್ಮಾನ. ಅದನ್ನು ನಾನು ಪೂರ್ತಿ ಸಮರ್ಥಿಸುತ್ತೇನೆ.

ಅವರನ್ನು ಹತ್ತಿರದಿಂದ ನೋಡಿ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಅರವತ್ತು ದಾಟಿದ ದಂಪತಿ. ಕಳಿಸಿಕೊಡಲು ಟೆಂಪೊ ಟ್ರಾವೆಲರ್‌ನಲ್ಲಿ ಅರ್ಧ ಮನೆಯೇ ಬಂದಿದೆ. ಬಾಗಿಲಿನ ಹೊರಗೆ ಕಲ್ಲುಕಟ್ಟೆಯ ಮೇಲೆ ಪುಳಿಯೋಗರೆ ಡಬ್ಬಿ ಬಿಚ್ಚಿದ್ದಾರೆ. ಇಪ್ಪತ್ತಮೂರು ಕೆಜಿ ಮೀರಬಾರದೆಂದು ಸೂಟ್‌ಕೇಸನ್ನು ಕೊಕ್ಕೆ ತಕ್ಕಡಿಗೆ ತೂಗುಹಾಕಿ ನೋಡುತ್ತಾರೆ. ಮುಳ್ಳು ದಾಟಿದರೆ ಚಟ್ನಿಪುಡಿಯ ಒಂದು ಪೊಟ್ಟಣ ಹೊರಗೆ ಬರುತ್ತದೆ, ಸ್ವಲ್ಪ ಹೊತ್ತಿಗೆ ಅಜ್ಜಿ ಅದನ್ನು ಕೈಚೀಲಕ್ಕೆ ಸೇರಿಸುತ್ತಾರೆ. ಆಚೆ ಕಡೆ, ಮೊದಲ ಸಲ ಗಲ್ಫಿಗೆ ಹೊರಟ ಹುಡುಗ ಬ್ಯಾಗಿನ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಗೋಡೆಗೊರಗಿದ್ದಾನೆ. ಪಾಸ್‌ಪೋರ್ಟ್ ಇರುವ ಜೇಬನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಾನೆ. ವಿಮಾನ ತಪ್ಪೀತೆಂಬ ಹೆದರಿಕೆಗೆ ಕಣ್ಣು ಮುಚ್ಚಲೂ ಆಗದು.

ಇವರಿಗೆ ಮೊದಲ ತೊಡಕು ಬಾಗಿಲಿನದು. ನಮ್ಮಲ್ಲಿ ಟಿಕೆಟ್ ಮತ್ತು ಗುರುತಿನ ಚೀಟಿ ತೋರಿಸದೆ ಟರ್ಮಿನಲ್ ಒಳಗೆ ಕಾಲಿಡುವಂತಿಲ್ಲ. ಭದ್ರತೆಯ ದೃಷ್ಟಿಯಿಂದ ಮಾಡಿದ ನಿಯಮವಾದ್ದರಿಂದ ಅದಕ್ಕೆ ನನ್ನ ತಕರಾರಿಲ್ಲ. ಆದರೆ ವಿಮಾನಕ್ಕೆ ಇನ್ನೂ ಬಹಳ ಹೊತ್ತಿದ್ದರೆ ಟಿಕೆಟ್ ಇದ್ದವರನ್ನೂ ಹೊರಗೇ ಕಾಯಿರಿ ಎನ್ನುವುದುಂಟು. ಒಳಗೆ ಬಿಟ್ಟರೂ ಎರಡನೆಯ ತೊಡಕು ಕಾದಿರುತ್ತದೆ. ಅಂತರರಾಷ್ಟ್ರೀಯ ವಿಮಾನಗಳ ಚೆಕ್ ಇನ್ ಕೌಂಟರ್ ತೆರೆಯುವುದು ಸಾಮಾನ್ಯವಾಗಿ ಮೂರು ನಾಲ್ಕು ಗಂಟೆ ಮುಂಚೆ. ಅಲ್ಲಿಯವರೆಗೆ ಲಗೇಜು ಪ್ರಯಾಣಿಕರ ಕೊರಳಿಗೇ. ಅದನ್ನು ಒಪ್ಪಿಸದೆ ಭದ್ರತಾ ತಪಾಸಣೆ ದಾಟಲಾಗದು. ಒಳ್ಳೆಯ ಕುರ್ಚಿ, ಲೌಂಜು, ಹೂಗಿಡ, ಊಟದ ಅಂಗಡಿಗಳ ಬಹುಪಾಲು ಇರುವುದು ತಪಾಸಣೆಯ ಆಚೆಗೆ. ಲಗೇಜು ಹೊತ್ತವರ ಪಾಲಿಗೆ ಉಳಿಯುವುದು ಟ್ರಾಲಿ ಮತ್ತು ಕೌಂಟರಿನ ಮುಂದಿನ ನೆಲ.

ಕುರ್ಚಿ ಸಿಕ್ಕಿತೆನ್ನಿ, ಎರಡು ಕುರ್ಚಿಗಳ ನಡುವೆ ಕಬ್ಬಿಣದ ತೋಳು. ಹೆಚ್ಚು ಜನ ಕೂರಲಿ, ಯಾರೂ ಮೈಚೆಲ್ಲದಿರಲಿ ಎಂಬುದು ಅದರ ಉದ್ದೇಶ. ಹಗಲಿಗೆ ಅದು ಸರಿಯೇ. ನಡುರಾತ್ರಿ, ಸಾಲಿಗೆ ಸಾಲು ಖಾಲಿಯಿರುವಾಗಲೂ ಮಂಡಿನೋವಿನ ಮುದುಕಿಯೊಬ್ಬಳು ಕಾಲು ಚಾಚಲಾಗದೆ ಕುಳಿತಿರುವುದನ್ನು ನೋಡುವಾಗ ಆ ವಿನ್ಯಾಸ ಕ್ರೂರವೆನಿಸುತ್ತದೆ. ದೀಪಗಳು ಮಧ್ಯಾಹ್ನದಂತೆಯೇ ಉರಿಯುತ್ತವೆ. ಎಸಿಯ ಚಳಿಗೆ ಸೀರೆಯ ಸೆರಗು ಸಾಲದು. ನೆಲ ಉಜ್ಜುವ ಯಂತ್ರ ಗುರ್ ಎನ್ನುತ್ತಾ ಬಂದಾಗ, ಹಾಸಿಕೊಂಡ ಶಾಲನ್ನು ಮಡಚಿ ಏಳಬೇಕು.

ಊಟ, ಚಹಾದ ಬೆಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2024ರ ಡಿಸೆಂಬರಿನಲ್ಲಿ ಕೋಲ್ಕತ್ತ ನಿಲ್ದಾಣದಲ್ಲಿ ಹತ್ತು ರೂಪಾಯಿಗೆ ಚಹಾ ಕೊಡುವ ಉಡಾನ್ ಯಾತ್ರಿ ಕೆಫೆ ಶುರುವಾಯಿತು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಅಷ್ಟು ಸಾಕು.

ಹೊರದೇಶದ ಹೋಲಿಕೆ ಕೊಡುವಾಗ ಎಚ್ಚರ ಬೇಕು. ದೋಹಾದ ಹಮದ್ ನಿಲ್ದಾಣದಲ್ಲಿ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ವಿಶ್ರಾಂತಿ ಕೋಣೆಗಳಿವೆ. ಸಿಂಗಪುರದ ಚಾಂಗಿಯಲ್ಲಿ, ಸೋಲ್‌ನ ಇಂಚಿಯೋನ್‌ನಲ್ಲಿ ಕಾಸಿಲ್ಲದೆ ಒರಗುವ ಜಾಗಗಳಿವೆ. ಆದರೆ ಅವು ಹೆಚ್ಚಾಗಿ ವಿಮಾನ ಬದಲಿಸುವವರಿಗೆಂದು ಒಳಭಾಗದಲ್ಲಿ ಮಾಡಿದವು. ನಮ್ಮ ಕೊರತೆ ಇರುವುದು ಬಾಗಿಲಿನ ಈಚೆ, ಲಗೇಜು ಒಪ್ಪಿಸುವ ಮುಂಚಿನ ಗಂಟೆಗಳಲ್ಲಿ. ಅವರ ಮಾದರಿಯನ್ನು ಎತ್ತಿ ತಂದಿಟ್ಟರೆ ನಮ್ಮ ಸಮಸ್ಯೆ ಅಲ್ಲೇ ಉಳಿಯುತ್ತದೆ.

ಮಾದರಿ ಬೇಕಿದ್ದರೆ ಬೆಂಗಳೂರಿನಲ್ಲೇ ಇದೆ. ನಗರ ರೈಲು ನಿಲ್ದಾಣಕ್ಕೆ ಬರುವ ಪರವೂರಿನವರು ರಾತ್ರಿ ತಂಗಲು ಜಾಗವಿಲ್ಲದೆ ಪಡುವ ಕಷ್ಟ ಕಂಡ ವ್ಯಾಪಾರಿ ಗುಬ್ಬಿ ತೋಟದಪ್ಪನವರು ನಿಲ್ದಾಣದ ಸಮೀಪವೇ ಜಾಗ ಕೊಂಡು ಛತ್ರ ಕಟ್ಟಿಸಿದರು. 1903ರಲ್ಲಿ ಅದು ತೆರೆಯಿತು. ರೈಲ್ವೆಯೂ ತನ್ನ ಪಾಲಿನದನ್ನು ಮಾಡಿದೆ: ವೇಯ್ಟಿಂಗ್ ಹಾಲ್, ರಿಟೈರಿಂಗ್ ರೂಮ್, ಸಾಮಾನು ಇಡುವ ಕ್ಲೋಕ್ ರೂಮ್. ಈ ಮೂರೂ ಹಳತಾಗಿರಬಹುದು, ಬಣ್ಣ ಹೋಗಿರಬಹುದು. ಆದರೂ ಪ್ರಯಾಣಿಕ ರಾತ್ರಿ ಬರುತ್ತಾನೆ, ಅವನಿಗೆ ಮೈ ಒರಗಿಸಲು ಜಾಗ ಬೇಕು ಎಂಬ ತಿಳಿವಳಿಕೆಯಿಂದ ಹುಟ್ಟಿದವು. ನಮ್ಮ ವಿಮಾನ ನಿಲ್ದಾಣಗಳನ್ನು ಕಟ್ಟಿದವರು ಸೌಂದರ್ಯದಲ್ಲಿ ರೈಲ್ವೆಯನ್ನು ಎಷ್ಟೋ ದೂರ ಹಿಂದಿಕ್ಕಿದ್ದಾರೆ. ಈ ಒಂದು ವಿಷಯದಲ್ಲಿ ಮಾತ್ರ ಹಿಂದೆ ಬಿದ್ದಿದ್ದಾರೆ.

ಈಗ ಬೆಂಗಳೂರಿಗೆ ಎರಡನೇ ವಿಮಾನ ನಿಲ್ದಾಣದ ಜಾಗದ ಹುಡುಕಾಟ ನಡೆದಿದೆ. ಅದರ ನಕ್ಷೆ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೆ. ಬಾಗಿಲಿನ ಹೊರಗೆ, ಬಸ್ಸಿಳಿಯುವ ಜಾಗಕ್ಕೆ ಹತ್ತಿರ, ಮಾರನೆಯ ಬೆಳಗಿನ ಟಿಕೆಟ್ ಇರುವ ಎಲ್ಲರಿಗೂ ತೆರೆದಿರುವ ಒಂದು ದೊಡ್ಡ ಹಜಾರ ಇರಲಿ. ತೋಳಿಲ್ಲದ ಬೆಂಚು, ಹನ್ನೊಂದರ ಮೇಲೆ ತಗ್ಗುವ ದೀಪ, ಬೀಗ ಹಾಕುವ ಲಗೇಜು ಕಪಾಟು, ಕುಡಿಯಲು ಬಿಸಿನೀರು, ಹೆಂಗಸರಿಗೆ ಬೇರೆ ಕೋಣೆ, ವಿಮಾನದ ಹೊತ್ತಿಗೆ ಎಬ್ಬಿಸಲು ಒಬ್ಬ ಸಿಬ್ಬಂದಿ ಇರಲಿ. ದೇವನಹಳ್ಳಿಯಲ್ಲೂ ಇದಕ್ಕೆ ಜಾಗ ಮಾಡಬಹುದು. ಅಲ್ಲಿಯವರೆಗೆ, ಬೆಳಗಿನ ವಿಮಾನಕ್ಕೆ ರಾತ್ರಿಯೇ ಹೊರಡುವವರು ಒಂದು ದಪ್ಪ ಹೊದಿಕೆಯನ್ನು ಸೂಟ್‌ಕೇಸಿಗೆ ಹಾಕದೆ ಕೈಯಲ್ಲೇ ಇಟ್ಟುಕೊಳ್ಳಿ.