ಮೂರು ವಾರಗಳ ಉಪದೇಶ

ವ್ಯವಹಾರಶಾಸ್ತ್ರದ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಪರದೇಶದ ಉದ್ಯಮವೊಂದಕ್ಕೆ ತೆರಳಿ, ಅಲ್ಲಿನ ಸಮಸ್ಯೆಯನ್ನು ಅಭ್ಯಸಿಸಿ, ಪರಿಹಾರ ಸೂಚಿಸಿ ಹಿಂದಿರುಗುವ ಪದ್ಧತಿ ಅಮೆರಿಕದಲ್ಲಿ ಪಠ್ಯಕ್ರಮದ ಅಂಗವೇ ಆಗಿದೆ. ಎಂ.ಐ.ಟಿ.ಯ ಸ್ಲೋನ್ ವಿದ್ಯಾಲಯ 2000ದಲ್ಲಿ ಇದಕ್ಕೆ ತೊಡಗಿತು. 2012ರ ಜನವರಿಯಲ್ಲಿ ಹಾರ್ವರ್ಡ್ ತನ್ನ ಪ್ರಥಮ ವರ್ಷದ ಸುಮಾರು 900 ವಿದ್ಯಾರ್ಥಿಗಳನ್ನು ಒಮ್ಮೆಗೇ ಹೊರದೇಶಗಳಿಗೆ ಕಳುಹಿಸಿತು. ಪುಸ್ತಕದಲ್ಲಿ ಓದಿದ್ದನ್ನು ಬೆವರಿನ ಜಾಗದಲ್ಲಿ ಪರೀಕ್ಷಿಸಬೇಕೆಂಬ ಉದ್ದೇಶ ಶ್ಲಾಘನೀಯವೇ. ಆದರೆ ಇಂಥ ತಂಡಗಳು ಕೊನೆಗೆ ಒಪ್ಪಿಸುವ ವರದಿಯನ್ನು ಒಂದು ಬರವಣಿಗೆಯಾಗಿ ವಿಮರ್ಶಿಸುವವರು ವಿರಳ.

ಈ ವರದಿಯ ಮೊದಲ ದೋಷ ಅದರ ನಿಶ್ಚಯದ ಧಾಟಿ. ಸಮಸ್ಯೆ, ಅಂಕಿ ಅಂಶ, ಎರಡು ಮೂರು ಪರ್ಯಾಯ, ಒಂದು ಶಿಫಾರಸು ಎಂಬ ಚೌಕಟ್ಟಿನಲ್ಲಿ ಸಂದೇಹಕ್ಕೆ ಸ್ಥಳವಿಲ್ಲ. ಸ್ಯಾದ್ವಾದದ ಪರಿಚಯವುಳ್ಳ ಓದುಗನಿಗೆ ಅಲ್ಲಿ ‘ಸ್ಯಾತ್’ ಎಂಬ ಒಂದು ಶಬ್ದದ ಕೊರತೆ ಎದ್ದು ಕಾಣುತ್ತದೆ.

ಅಂಥ ತಂಡವೊಂದು ಮೂಡುಬಿದಿರೆಯ ಆಸುಪಾಸಿನ ಗೇರುಬೀಜದ ಕಾರ್ಖಾನೆಗೆ ಬಂದಿತೆನ್ನೋಣ. ಬೀಜ ಒಡೆಯುವ ಯಂತ್ರ ತಂದರೆ ಎಷ್ಟು ಉಳಿತಾಯವೆಂಬುದನ್ನು ಅದು ಒಂದು ವಾರದಲ್ಲಿ ಲೆಕ್ಕಹಾಕಬಲ್ಲುದು. ಸಿಪ್ಪೆಯ ಎಣ್ಣೆ ತಾಗಿ ಚರ್ಮ ಸುಲಿದ ಹೆಂಗಸರ ಕೈಗಳಿಗೆ ಯಂತ್ರ ಉಪಕಾರಿ ಎಂಬುದೂ ಸತ್ಯ. ಅದೇ ಕೈಗಳ ಕೂಲಿಯನ್ನು ಅದು ಕಸಿಯುತ್ತದೆ ಎಂಬುದೂ ಸತ್ಯ. ಇವೆರಡನ್ನೂ ಒಟ್ಟಿಗೆ ಹಿಡಿಯುವ ವಾಕ್ಯ ವರದಿಯ ಭಾಷೆಯಲ್ಲಿ ಸುಲಭವಾಗಿ ಹುಟ್ಟುವುದಿಲ್ಲ. ಬೆಳ್ತಂಗಡಿಯ ಪ್ರಗತಿಬಂಧು ತಂಡಗಳ ವಿಷಯವೂ ಹೀಗೆಯೇ. ವಾರಕ್ಕೊಂದು ದಿನ ಒಬ್ಬರ ಜಮೀನಿನಲ್ಲಿ ಉಳಿದವರೆಲ್ಲ ದುಡಿಯುವ ಈ ಕ್ರಮ ಹಳೆಯ ಮುಯ್ಯಾಳಿನ ಪದ್ಧತಿಯದೇ ಸಂತಾನ. ಕೂಲಿಯ ಕಲಮಿನಲ್ಲಿ ಅದಕ್ಕೆ ಸೊನ್ನೆ. ಆ ಸೊನ್ನೆಯ ಹಿಂದೆ ಎಷ್ಟು ಋಣ, ಎಷ್ಟು ಸ್ನೇಹ, ಎಷ್ಟು ಮುನಿಸು ಇದೆಯೆಂಬುದನ್ನು ತಿಳಿಯಲು ಒಂದು ಮಳೆಗಾಲವಾದರೂ ಬೇಕು. ಬಂಟ್ವಾಳದ ತೋಟಗಾರನಿಗೆ ಬೆಳೆ ಬದಲಾಯಿಸೆಂದು ಹೇಳುವವನು, ನೆಟ್ಟ ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಬೇಕೆಂಬುದನ್ನು ಓದಿ ತಿಳಿದಿರಬಹುದು, ಕಾದು ತಿಳಿದವನಲ್ಲ.

ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶವೂ ಒಂದು. ವಿದ್ಯಾರ್ಥಿಗಳು ಸುಳ್ಳಾಡುತ್ತಾರೆಂದು ಯಾರೂ ಹೇಳಲಾರರು. ಅರ್ಧ ತಿಳಿದದ್ದನ್ನು ಪೂರ್ಣ ತಿಳಿದಂತೆ ಉಪದೇಶಿಸುವುದು ಆ ಗೆರೆಯಿಂದ ಎಷ್ಟು ದೂರ ಎಂಬುದು ಮಾತ್ರ ವಿಚಾರಣೀಯ. ಅವರಿಗೆ ಅಂಕ ದೊರೆಯುವುದು ವರದಿ ಮಂಡನೆಯ ಬೆನ್ನಿಗೇ. ಸಲಹೆ ತಪ್ಪಾದರೆ ನಷ್ಟ ಉಣ್ಣುವವರು ಬೇರೆಯವರು.

ಇದಕ್ಕೆ ಪ್ರತಿಯಾಗಿ ನೋಡಬೇಕಾದ ಮಾದರಿ ಉಜಿರೆಯಲ್ಲಿದೆ. 1982ರಲ್ಲಿ ಧರ್ಮಸ್ಥಳದ ಶಿಕ್ಷಣ ಸಂಸ್ಥೆಯು ಕೆನರಾ ಬ್ಯಾಂಕು ಹಾಗೂ ಅಂದಿನ ಸಿಂಡಿಕೇಟ್ ಬ್ಯಾಂಕುಗಳ ಜೊತೆಗೂಡಿ ಸ್ಥಾಪಿಸಿದ ರುಡ್‌ಸೆಟ್ ಸಂಸ್ಥೆಯಲ್ಲಿಯೂ ತರಬೇತಿ ಕೆಲವೇ ವಾರಗಳದು. ಆದರೆ ಕಲಿತು ಹೋದವನ ಅಂಗಡಿಯನ್ನೋ ಹಟ್ಟಿಯನ್ನೋ ಸಂಸ್ಥೆ ಎರಡು ವರ್ಷ ಹಿಂಬಾಲಿಸುತ್ತದೆ: ಸಾಲ ದೊರೆಯಿತೇ, ಗಿರಾಕಿ ಬಂದನೇ, ಕೈಬಿಟ್ಟನೇ. 2009ರಲ್ಲಿ ಕೇಂದ್ರ ಸರಕಾರ ಜಿಲ್ಲೆಗೊಂದರಂತೆ ಇಂಥ ಸಂಸ್ಥೆಗಳನ್ನು ತೆರೆಯಿಸಲು ಹೊರಟಾಗ ಮಾದರಿಯಾಗಿ ಹಿಡಿದದ್ದು ಇದನ್ನೇ.

ವಿದೇಶೀ ಯೋಜನೆಗಳನ್ನು ಅನುಕರಿಸಹೊರಟ ನಮ್ಮ ವ್ಯವಸ್ಥಾಪನಾ ವಿದ್ಯಾಲಯಗಳು ಕನಿಷ್ಠ ಇಷ್ಟನ್ನಾದರೂ ಮಾಡಬಹುದು: ಮುಂದಿನ ವರ್ಷದ ತಂಡವನ್ನು ಹೊಸ ಊರಿಗೆ ಕಳುಹಿಸದೆ, ಹಿಂದಿನವರು ಸಲಹೆ ಕೊಟ್ಟ ಅದೇ ಕಾರ್ಖಾನೆಗೆ ಕಳುಹಿಸಿ, ಆ ಸಲಹೆಯಿಂದ ಏನಾಯಿತೆಂದು ಬರೆಯಿಸಿ, ಎರಡು ವರದಿಗಳನ್ನೂ ಒಂದೇ ರಟ್ಟಿನೊಳಗೆ ಕಟ್ಟಿಸಿಡುವುದು.