‘ಮನುಷ್ಯಕುಮಾರ’: ಒಂದು ಬಿರುದಿನ ವಿಗ್ರಹವಾಕ್ಯ

ಸಮಾಸಪ್ರಕರಣವನ್ನು ಬೋಧಿಸುವಾಗ ಉದಾಹರಣೆಗಳನ್ನು ವಿದ್ಯಾರ್ಥಿಗಳ ಬಾಯಿಂದಲೇ ಹೊರಡಿಸಬೇಕೆಂಬುದು ನಾವು ತರಬೇತಿಯಲ್ಲಿ ಕಲಿತ ಪಾಠ. ಹಾಗೆ ಮಾಡಹೋಗಿ ನಾವೊಮ್ಮೆ ಸಿಕ್ಕಿಬಿದ್ದೆವು. ಆ ಪ್ರಸಂಗದಿಂದಲೇ ಈ ಲೇಖನವು ಹುಟ್ಟಿದೆ. ಅಂದು ಷಷ್ಠೀ ತತ್ಪುರುಷವು ನಡೆದಿತ್ತು. ‘ರಾಜಕುಮಾರ’ನು ಬಂದನು, ‘ದೇವಾಲಯ’ವು ಬಂದಿತು. ಆಗ ಹಿಂದಿನ ಸಾಲಿನಿಂದ ಕ್ರೈಸ್ತ ಮನೆತನದ ಹುಡುಗನೊಬ್ಬನು ‘ಮನುಷ್ಯಕುಮಾರ’ ಎಂದನು. ವಿಗ್ರಹಿಸೆನ್ನಲು, “ಮನುಷ್ಯನ ಕುಮಾರ” ಎಂದು ಸರಿಯಾಗಿಯೇ ವಿಗ್ರಹಿಸಿದನು. ಆದರೆ ಕುಳಿತುಕೊಳ್ಳದೆ, “ಸರ್, ನಾವೆಲ್ಲಾರೂ ಮನುಷ್ಯಾರ ಮಕ್ಕಳೇ ಅಲ್ಲೇನ್ರಿ? ಹಂಗಾದರ ಯೇಸುಗ ಒಬ್ಬಗೇ ಈ ಹೆಸರು ಯಾಕ? ಯಾವ ಮನುಷ್ಯಾರೀ ಆತ?” ಎಂದು ಕೇಳಿದನು.

ಆ ದಿನಗಳಲ್ಲಿ ನಾವು ಪ್ರಾಚೀನ ಗ್ನೋಸ್ಟಿಕರ ವಿಷಯವಾಗಿ ಅಷ್ಟಿಷ್ಟು ಓದಿಕೊಂಡಿದ್ದೆವು. ಹೊಸದಾಗಿ ಓದಿದವನ ಉತ್ಸಾಹದಿಂದ, “ಅಲ್ಲಿ ಮನುಷ್ಯನೆಂಬುದು ಪರಮಾತ್ಮನ ಹೆಸರೇ. ನಮ್ಮ ಹಿರಿಯರು ಜೀವನೇ ಶಿವನೆಂದುದೂ ಇದನ್ನೇ” ಎಂದು ಉತ್ತರವಿತ್ತೆವು. ತರಗತಿಯು ಸಂತೋಷಪಟ್ಟಿತು, ನಾವೂ ಸಂತೋಷಪಟ್ಟೆವು. ಆ ಉತ್ತರದಲ್ಲಿ ಸರಿಯೆಷ್ಟು, ತಪ್ಪೆಷ್ಟು ಎಂಬುದನ್ನು ವಾಚಕರ ಮುಂದೆ ತೂಗಿನೋಡುವುದೇ ಇಲ್ಲಿಯ ಉದ್ದೇಶ.

ಮೊದಲು ಬಿರುದಿನ ಸಂಗತಿಯನ್ನು ನೋಡೋಣ. ನಾಲ್ಕು ಸುವಾರ್ತೆಗಳಲ್ಲಿ ಈ ಮಾತು ಸುಮಾರು ೮೦ ಸಲ ಬರುತ್ತದೆ. ಬಹುತೇಕ ಎಲ್ಲ ಕಡೆಗಳಲ್ಲಿಯೂ ಅದು ಬರುವುದು ಯೇಸುವಿನ ಬಾಯಲ್ಲಿಯೇ. ಅವನು ತನ್ನನ್ನು ಕುರಿತೇ ಹಾಗೆ ಹೇಳಿಕೊಳ್ಳುತ್ತಾನೆ. ಶಿಷ್ಯರು ಅವನನ್ನು ಗುರುವೆಂದೂ ಕ್ರಿಸ್ತನೆಂದೂ ಕರೆಯುತ್ತಾರೆಯೇ ಹೊರತು ಈ ಹೆಸರಿನಿಂದ ಕರೆಯುವುದಿಲ್ಲ. ಪೌಲನ ಪತ್ರಿಕೆಗಳಲ್ಲಿ ಇದರ ಸುಳಿವೇ ಇಲ್ಲ. ಯೋಹಾನನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದಲ್ಲಿ ನೆರೆದ ಜನರೇ ಈ ಮನುಷ್ಯಕುಮಾರನು ಯಾರೆಂದು ಕೇಳುತ್ತಾರೆ. ಆದುದರಿಂದ ನಮ್ಮ ವಿದ್ಯಾರ್ಥಿಯ ಪ್ರಶ್ನೆಯು ಉದ್ಧಟತನದ್ದಲ್ಲ; ಅದು ಆ ಗ್ರಂಥದೊಳಗೇ ಇರುವ ಪ್ರಶ್ನೆ.

ಈ ಮಾತಿನ ಬೇರು ಇಬ್ರಿಯ ಹಾಗೂ ಅರಾಮಿಕ ಭಾಷೆಗಳಲ್ಲಿದೆ. ಇಬ್ರಿಯದ ‘ಬೆನ್ ಆದಾಮ್’, ಅರಾಮಿಕದ ‘ಬರ್ ಎನಾಶ್’ ಎಂಬಿವು ಅಕ್ಷರಶಃ ಮನುಷ್ಯನ ಮಗನೆಂದಾದರೂ ರೂಢಿಯಲ್ಲಿ ಕೇವಲ ಮನುಷ್ಯ, ನರಮಾತ್ರನು ಎಂದೇ ಅರ್ಥಕೊಡುತ್ತವೆ. ಪ್ರವಾದಿಯಾದ ಯೆಹೆಜ್ಕೇಲನನ್ನು ದೇವರು ೯೦ಕ್ಕೂ ಹೆಚ್ಚು ಸಲ ಹೀಗೆ ಸಂಬೋಧಿಸುತ್ತಾನೆ. ದಾನಿಯೇಲನ ದರ್ಶನದಲ್ಲಿ ಮೃಗರೂಪದ ಸಾಮ್ರಾಜ್ಯಗಳು ಅಳಿದ ಮೇಲೆ ಮೇಘಗಳೊಡನೆ ಬರುವವನು ‘ಬರ್ ಎನಾಶ್’ನಂತೆ, ಅಂದರೆ ಮನುಷ್ಯನಂತೆ, ಕಾಣುತ್ತಾನೆ. ಈ ನುಡಿಗಟ್ಟಿನ ರೀತಿಯು ನಮಗೆ ಅಪರಿಚಿತವಲ್ಲ. ‘ಮಾನವ’ನೆಂದರೆ ವ್ಯಾಕರಣದ ಪ್ರಕಾರ ಮನುವಿನ ಸಂತತಿಯವನು. ನಿಜಾಮನ ಕಾಲದಿಂದ ನಮ್ಮ ಸಂತೆಗಳಲ್ಲಿ ಉಳಿದುಬಂದಿರುವ ಉರ್ದುವಿನ ‘ಆದ್ಮಿ’ಯೆಂದರೆ ಆದಮನವನು. ಆದರೆ ಉದಗೀರದ ಸಂತೆಯಲ್ಲಿ ‘ಒಳ್ಳೆಯ ಆದ್ಮಿ’ ಎಂದವನನ್ನು ತಡೆದು, ಆ ಆದಮನು ಯಾರೆಂದು ಯಾರೂ ಕೇಳುವುದಿಲ್ಲ. ರೂಢಿಯು ಆ ಪ್ರಶ್ನೆಯನ್ನು ನುಂಗಿಬಿಟ್ಟಿದೆ.

ಪ್ರಶ್ನೆಯು ಮತ್ತೆ ತಲೆಯೆತ್ತಿದ್ದು ಭಾಷಾಂತರದಲ್ಲಿ. ಸುವಾರ್ತೆಗಳು ಗ್ರೀಕಿನಲ್ಲಿ ಬರೆಯಲ್ಪಟ್ಟಾಗ ಈ ನುಡಿಗಟ್ಟು ‘ಹೊ ಹುಯೊಸ್ ತೂ ಅಂತ್ರೋಪೂ’ ಎಂದಾಯಿತು. ಗ್ರೀಕರಿಗೆ ಇದು ತಮ್ಮ ರೂಢಿಯ ಮಾತಲ್ಲ. ಅದರಲ್ಲಿಯೂ ಎರಡು ಪದಗಳಿಗೂ ನಿರ್ದೇಶಕವು ಸೇರಿದೆ. ‘ಆ ಮನುಷ್ಯನ ಆ ಕುಮಾರ’ ಎಂದಂತೆ ಕೇಳಿಸುತ್ತದೆ. ‘ಆ’ ಎಂದು ಬೊಟ್ಟುಮಾಡಿದ ಮೇಲೆ ‘ಯಾವ?’ ಎಂಬ ಪ್ರಶ್ನೆಯು ಬಾರದಿದ್ದೀತೆ?

ಈ ಪ್ರಶ್ನೆಯನ್ನು ಬಹು ಗಟ್ಟಿಯಾಗಿ ಹಿಡಿದವರು ಗ್ನೋಸ್ಟಿಕರು. ಹೆಸರು ಕೇಳಿ ವಿದ್ಯಾರ್ಥಿಗಳು ಇವರನ್ನು ನಾಸ್ತಿಕರೆಂದು ಭ್ರಮಿಸಬಾರದು. ಗ್ರೀಕಿನ ‘ಗ್ನೋಸಿಸ್’ ಎಂಬುದೂ ನಮ್ಮ ‘ಜ್ಞಾನ’ವೆಂಬುದೂ ಒಂದೇ ಮೂಲಧಾತುವಿನಿಂದ ಕವಲೊಡೆದ ಮಾತುಗಳು, ಇವರನ್ನು ಜ್ಞಾನಪಂಥದವರೆಂದು ಕರೆದರೆ ಸಲ್ಲುತ್ತದೆ. ಕ್ರಿಸ್ತಶಕದ ಎರಡನೆಯ ಶತಮಾನದಲ್ಲಿ ಇವರು ಪ್ರಬಲರಾಗಿದ್ದರು. ವ್ಯಾಲೆಂಟೀನಸನು ಇವರಲ್ಲಿ ಪ್ರಸಿದ್ಧನು. ಬಹುಕಾಲದವರೆಗೆ ಇವರ ಮತವು ಲೋಕಕ್ಕೆ ತಿಳಿದಿದ್ದುದು ಹೆಚ್ಚಾಗಿ ವಿರೋಧಿಗಳ ಬರೆಹಗಳಿಂದ. ಅವುಗಳಲ್ಲಿ ಮುಖ್ಯವಾದುದು ಲಿಯೋನ್ ನಗರದ ಬಿಷಪ್ ಐರೀನಿಯಸನು ಸುಮಾರು ೧೮೦ರಲ್ಲಿ ರಚಿಸಿದ ಐದು ಭಾಗಗಳ ಖಂಡನಗ್ರಂಥ. ೧೯೪೫ರಲ್ಲಿ ಐಗುಪ್ತದ ನಾಗ್ ಹಮ್ಮಾದಿಯ ಬಳಿ ಮಣ್ಣಿನ ಗಡಿಗೆಯೊಂದರಲ್ಲಿ ಹದಿಮೂರು ಹಸ್ತಪ್ರತಿ ಸಂಪುಟಗಳಷ್ಟು ಕಾಪ್ಟಿಕ್ ಸಾಹಿತ್ಯವು ದೊರೆತ ಮೇಲೆ ಅವರ ಮಾತನ್ನು ಅವರ ಬಾಯಿಂದಲೇ ಕೇಳುವ ಯೋಗವು ಒದಗಿತು. ಅವುಗಳ ಇಂಗ್ಲಿಷ್ ಅನುವಾದವು ಒಟ್ಟಾಗಿ ಪ್ರಕಟವಾದದ್ದು ೧೯೭೭ರಲ್ಲಿ.

ಇವರ ಉತ್ತರವು ಹೀಗಿದೆ: ಪರಾತ್ಪರನಾದ ತಂದೆಯ ಹೆಸರೇ ‘ಅಂತ್ರೋಪೊಸ್’, ಅಂದರೆ ಮನುಷ್ಯ. ಆದುದರಿಂದ ಮನುಷ್ಯಕುಮಾರನೆಂದರೆ ಆ ಪರಮಪಿತನ ಕುಮಾರ. ವ್ಯಾಲೆಂಟೀನಸನ ಅನುಯಾಯಿಗಳಲ್ಲಿ ಕೆಲವರು ಹೀಗೆ ಅರ್ಥೈಸುತ್ತಿದ್ದರೆಂದು ಐರೀನಿಯಸನೇ ದಾಖಲಿಸಿದ್ದಾನೆ. ‘ಯೋಹಾನನ ರಹಸ್ಯಗ್ರಂಥ’ವೆಂಬ ಕೃತಿಯಲ್ಲಿ ಇದಕ್ಕೊಂದು ಕಥೆಯೇ ಇದೆ. ಈ ಲೋಕವನ್ನು ನಿರ್ಮಿಸಿದವನು ಪರಮಾತ್ಮನಲ್ಲ. ಯಾಲ್ದಬಾವೋತನೆಂಬ ಅಜ್ಞಾನಿ ಅಧಿಪತಿ. ತನ್ನನ್ನು ಬಿಟ್ಟು ಬೇರೆ ದೇವರಿಲ್ಲವೆಂದು ಅವನು ಜಂಬಕೊಚ್ಚುತ್ತಾನೆ. ಆಗ ಮೇಲಿನಿಂದ ಧ್ವನಿಯೊಂದು ಕೇಳಿಬಂದು, ಮನುಷ್ಯನೂ ಮನುಷ್ಯಕುಮಾರನೂ ಇದ್ದಾರೆಂದು ಸಾರುತ್ತದೆ. ಕೆಳಗಣ ನೀರಿನಲ್ಲಿ ಆ ಆದಿಮನುಷ್ಯನ ಬಿಂಬವು ಮೂಡುತ್ತದೆ. ಅಧಿಪತಿಗಳು ಅದನ್ನು ಕಂಡು, ಅದರಂತೆ ಆದಾಮನನ್ನು ಮಾಡುತ್ತಾರೆ. ನಾವು ದೇವರನ್ನು ಮನುಷ್ಯನಿಗೆ ಹೋಲಿಸುತ್ತಿಲ್ಲ; ಮನುಷ್ಯರಾದ ನಾವೇ ಮೇಲಣ ‘ಮನುಷ್ಯ’ನ ನೆರಳು ಎಂಬುದು ಇದರ ತಾತ್ಪರ್ಯ.

ಐರೀನಿಯಸನ ಪಕ್ಷದವರ ಉತ್ತರವು ಇದಕ್ಕೆ ನೇರ ವಿರುದ್ಧವಾದುದು. ಅವರಿಗೆ ‘ದೇವಕುಮಾರ’ ಎಂಬುದು ದೈವತ್ವವನ್ನೂ ‘ಮನುಷ್ಯಕುಮಾರ’ ಎಂಬುದು ಮರಿಯಳ ಗರ್ಭದಿಂದ ಬಂದ ಮನುಷ್ಯತ್ವವನ್ನೂ ಹೇಳುತ್ತದೆ. ಒಂದೇ ಸಮಾಸ, ಒಂದೇ ವಿಗ್ರಹ. ಆದರೂ ಒಬ್ಬರಿಗೆ ಅದು ಇಳಿದುಬಂದವನ ಹೆಸರು, ಇನ್ನೊಬ್ಬರಿಗೆ ಮೇಲೆಯೇ ಇರುವವನ ಹೆಸರು. ವ್ಯಾಕರಣವು ಎಲ್ಲಿ ಮುಗಿಯುತ್ತದೆ, ದರ್ಶನವು ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಬೋಧಿಸಲು ಇದಕ್ಕಿಂತ ಉತ್ತಮವಾದ ಉದಾಹರಣೆಯು ನಮಗೆ ದೊರೆತಿಲ್ಲ.

ಪ್ರಕೃತ ಕನ್ನಡದ ವಿಷಯಕ್ಕೆ ಬರೋಣ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ಪೂರ್ಣ ಬೈಬಲ್ಲು ಕನ್ನಡದಲ್ಲಿ ೧೮೩೧ರ ಹೊತ್ತಿಗೆ ಸಿದ್ಧವಾಯಿತು. ಮುಂದೆ ಅದು ಹಲವು ಸಲ ಪರಿಷ್ಕೃತವಾಯಿತು. ಜನರ ಕೈಯಲ್ಲಿರುವ ‘ಸತ್ಯವೇದ’ದಲ್ಲಿ ಸುವಾರ್ತೆಯ ಮಾತು ‘ಮನುಷ್ಯಕುಮಾರ’ನೆಂದಿದೆ, ಯೆಹೆಜ್ಕೇಲನ ಸಂಬೋಧನೆಯಾದರೋ ‘ನರಪುತ್ರ’ನೆಂದಿದೆ. ಎರಡೂ ಸುಂದರವಾದ ಸಮಾಸಗಳೇ. ಆದರೆ ಈ ಎರಡು ಮಾತುಗಳ ಹಿಂದೆ ಇರುವುದು ಒಂದೇ ಜಾತಿಯ ನುಡಿಗಟ್ಟೆಂಬುದು ಕನ್ನಡ ಓದುಗನಿಗೆ ಹೊಳೆಯುವ ಬಗೆಯಿಲ್ಲ. ‘ನರಪುತ್ರ’ನು ಸಾಮಾನ್ಯನಾಗಿ ಉಳಿದನು, ‘ಮನುಷ್ಯಕುಮಾರ’ನು ಬಿರುದಾದನು. ‘ಕುಮಾರ’ ಎಂಬ ಪದಕ್ಕೆ ನಮ್ಮಲ್ಲಿ ರಾಜಕುಮಾರನ ನೆನಪಿನಿಂದ ಬಂದ ಮನ್ನಣೆಯೂ ಉಂಟು. ನಮ್ಮ ನೆರೆಯ ಮರಾಠಿಯ ಬೈಬಲ್ಲು ‘ಮನುಷ್ಯಾಚಾ ಪುತ್ರ’ ಎಂದು ವಿಭಕ್ತಿಯನ್ನು ಬಿಡಿಸಿಯೇ ಹೇಳುತ್ತದೆ. ಅಲ್ಲಿ ಅದು ಹೇಳಿಕೆಯಂತೆ ಕೇಳಿದರೆ ಇಲ್ಲಿ ಹೆಸರಿನಂತೆ ಕೇಳುತ್ತದೆ. ೧೯೫೬ರಲ್ಲಿ ಬೀದರ ಜಿಲ್ಲೆಯಿಂದ ಅಗಲಿದ ಉದಗೀರ, ನಿಲಂಗಾಗಳಲ್ಲಿಯೂ, ಹೊಂದಿಕೊಂಡಿರುವ ಉಮರ್ಗಾದಲ್ಲಿಯೂ ಈ ಎರಡು ಭಾಷೆಗಳನ್ನು ಕಿವಿಯಲ್ಲಿಟ್ಟುಕೊಂಡು ಬೆಳೆಯುವ ಮಕ್ಕಳು ಈ ಭೇದವನ್ನು ಯಾರೂ ಹೇಳಿಕೊಡದೆ ಬಲ್ಲರು. ಗಡಿಯ ಹುಡುಗನಿಗೆ ಈ ಪ್ರಶ್ನೆಯು ಹೊಳೆದುದರಲ್ಲಿ ಆಶ್ಚರ್ಯವೇನಿದೆ?

ಇನ್ನು ನಮ್ಮ ಉತ್ತರದ ವಿಚಾರ. ಮರುದಿನ ಸಂಜೆ ಆ ಹುಡುಗನ ತಂದೆಯು ಶಾಲೆಗೆ ಬಂದರು. ಕೂಲಿಯಿಂದ ಬದುಕುವವರು, ಮಿತಭಾಷಿಗಳು. ಕೈಮುಗಿದು ನಿಂತು, “ಗುರುಗಳ, ಹುಡುಗ ಎಲ್ಲಾ ಹೇಳಿದ. ತಾವು ಓದಿದವರು. ಆದರ ನಮ್ಮ ಪುಸ್ತಕದಾಗ ಆತಗ ತಲಿ ಇಡಲಿಕ್ಕ ಸೈತ ಜಾಗಾ ಇರಲಿಲ್ರೀ. ಅದಕ್ಕೇ ಆತ ನಮ್ಮಾತ. ಅಷ್ಟು ಮ್ಯಾಲೆ ಒಯ್ದು ಕೂಡಿಸಿದರ ನಮ್ಮ ಕೈಗೆ ಹ್ಯಾಂಗ ಸಿಗತಾನ್ರಿ?” ಎಂದರು. ಇಷ್ಟನ್ನು ಹೇಳಿ ಹೊರಟುಹೋದರು. ನಾವು ಅಂದು ರಾತ್ರಿ ಮತ್ತಾಯನ ಸುವಾರ್ತೆಯನ್ನು ತೆರೆದು ನೋಡಿದೆವು. ಆ ಸುವಾರ್ತೆಯಲ್ಲಿ ‘ಮನುಷ್ಯಕುಮಾರ’ ಎಂಬ ಮಾತು ಮೊಟ್ಟಮೊದಲು ಬರುವುದು ಎಂಟನೆಯ ಅಧ್ಯಾಯದಲ್ಲಿ, ಅವರು ಹೇಳಿದ ಆ ಮಾತಿನಲ್ಲಿಯೇ. ಕಾಡಿನ ಮೃಗಗಳಿಗೂ ಹಕ್ಕಿಗಳಿಗೂ ಇರುವ ನೆಲೆಯು ತನಗಿಲ್ಲವೆಂದು ಹೇಳುವಾಗ ಯೇಸುವು ಆರಿಸಿಕೊಂಡ ಹೆಸರು ಇದು. ನಾವು ಓದಿದ್ದ ಹೊಸ ಪುಸ್ತಕಗಳಿಂದ ನಮಗೆ ದೊರೆಯದ ಪ್ರಮಾಣವನ್ನು ಆ ತಂದೆಯು ತಮ್ಮ ಬದುಕಿನಿಂದ ಎತ್ತಿಕೊಟ್ಟಿದ್ದರು.

ಗ್ನೋಸ್ಟಿಕ ವ್ಯಾಖ್ಯಾನದ ಮುಖ್ಯ ದೋಷವು ಇಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ. ಮೂಲದ ನುಡಿಗಟ್ಟು ಸಾಮಾನ್ಯನನ್ನು ಸೂಚಿಸುವ ಮಾತು. ಸುವಾರ್ತೆಯ ಸಂದರ್ಭಗಳೂ ಹಸಿವು, ಅಲೆದಾಟ, ಸಂಕಟ, ಮರಣಗಳನ್ನು ಅದಕ್ಕೆ ಜೋಡಿಸುತ್ತವೆ. ಮೇಘಗಳ ಮೇಲೆ ಬರುವ ಮಹಿಮೆಯನ್ನೂ ಅವು ಹೇಳುತ್ತವೆ, ನಿಜ. ಆದರೆ ಆ ಮಹಿಮೆಯು ಬರುವುದು ಈ ಬಡವನಿಗೇ. ಗ್ನೋಸ್ಟಿಕರು ಮಹಿಮೆಯನ್ನು ಮಾತ್ರ ಉಳಿಸಿಕೊಂಡು ಬಡತನವನ್ನು ಕೈಬಿಟ್ಟರು. ಶರೀರವನ್ನು ಅಜ್ಞಾನಿಯ ರಚನೆಯೆಂದು ಎಣಿಸಿದವರಿಗೆ ಶರೀರದ ಕಷ್ಟವು ದೊಡ್ಡದಾಗಿ ತೋರಲಿಲ್ಲ.

ನಮ್ಮ ಸ್ವಂತ ದೋಷವು ಎರಡನೆಯದು. ಕಂಡದ್ದೆಲ್ಲ ನಮ್ಮದೇ ಎನ್ನುವ ಅವಸರವದು. ಬಸವಕಲ್ಯಾಣವು ನಮಗೆ ಸಮೀಪದ ಊರು. ಹನ್ನೆರಡನೆಯ ಶತಮಾನದ ಶರಣರ ಮಾತು ನಮ್ಮ ನಾಲಗೆಯಲ್ಲಿದೆ. ಆದರೆ ಶರಣರು ಶರೀರವನ್ನು ದೇವರ ಗುಡಿಯೆಂದು ಕಂಡವರು, ಕಾಯಕವನ್ನು ಪೂಜೆಯೆಂದು ಬಗೆದವರು. ಗ್ನೋಸ್ಟಿಕರಿಗಾದರೋ ಶರೀರವು ಸೆರೆಮನೆ. ವೇದದ ವಿರಾಟ್ ಪುರುಷನನ್ನು ಅವರ ಆದಿಮನುಷ್ಯನಿಗೆ ಸರಿಗಟ್ಟುವವರೂ ಇದ್ದಾರೆ. ಅಲ್ಲಿಯೂ ಎಚ್ಚರವು ಬೇಕು. ಪುರುಷನು ತಾನೇ ಯಜ್ಞಪಶುವಾಗಿ, ಅವನ ಅವಯವಗಳಿಂದಲೇ ಲೋಕವು ಹುಟ್ಟಿತು. ಗ್ನೋಸ್ಟಿಕರ ‘ಮನುಷ್ಯ’ನಿಂದ ಈ ಲೋಕವು ಹುಟ್ಟಲಿಲ್ಲ, ಅವನ ಬಿಂಬವನ್ನು ಕದ್ದು ಬೇರೊಬ್ಬನು ಆದಾಮನನ್ನು ಮಾಡಿದನು. ಒಂದೇ ಶಬ್ದವಿದ್ದಲ್ಲಿ ಒಂದೇ ಅರ್ಥವಿದೆಯೆಂದು ತಿಳಿಯುವುದು ಪ್ರಾಥಮಿಕ ತರಗತಿಯ ತಪ್ಪು. ಅದನ್ನು ಉಪಾಧ್ಯಾಯರೇ ಮಾಡಿದೆವು. ಒಬ್ಬರ ಪವಿತ್ರ ನಾಮವನ್ನು ಅವರನ್ನು ಕೇಳದೆ ನಮ್ಮ ಕಪಾಟಿನಲ್ಲಿಟ್ಟುಕೊಳ್ಳುವುದು ಔದಾರ್ಯವೆಂದು ಕಂಡರೂ ಔದಾರ್ಯವಲ್ಲ. ನಮ್ಮ ಊರಿನ ಹೆಸರನ್ನು ಇನ್ನೊಬ್ಬರು ತಮಗೆ ತೋಚಿದಂತೆ ಬಿಡಿಸಿ ಅರ್ಥಹೇಳಿದಾಗ ನಮಗಾಗುವ ಕಸಿವಿಸಿಯನ್ನು ಗಡಿಯವರಾದ ನಾವು ಬಲ್ಲೆವಷ್ಟೆ.

ಹೀಗೆಂದು ಗ್ನೋಸ್ಟಿಕ ವ್ಯಾಖ್ಯಾನವು ವ್ಯರ್ಥವೆಂದು ನಾವು ಹೇಳುವುದಿಲ್ಲ. ಅದು ಭಾಷಾಂತರದ ಕೂಸು. ಆದರೆ ಬುದ್ಧಿವಂತ ಕೂಸು. ಎಲ್ಲರೂ ಸಮಾಸವನ್ನು ಬಾಯಿಪಾಠವಾಗಿ ಹೇಳುತ್ತಿದ್ದಾಗ ಅದನ್ನು ನಿಲ್ಲಿಸಿ ವಿಗ್ರಹಿಸಿ ನೋಡಿದವರು ಅವರು. ತನಗಿಂತ ಮೇಲಿಲ್ಲವೆಂದು ಗರ್ಜಿಸುವ ಒಡೆಯನಿಗೆ ‘ಮನುಷ್ಯನಿದ್ದಾನೆ’ ಎಂಬ ಉತ್ತರವು ಸಾಕೆಂದು ಅವರು ಕಂಡುಕೊಂಡದ್ದು ಸಾಮಾನ್ಯವಾದ ಕಾಣ್ಕೆಯಲ್ಲ. ಆ ಉತ್ತರವನ್ನು ಅವರು ಮೇಲಣ ಲೋಕಕ್ಕೆ ಕೊಟ್ಟರು. ನಮ್ಮ ವಿದ್ಯಾರ್ಥಿಯ ತಂದೆಯು ಅದನ್ನು ಕೆಳಗೆ, ತಲೆಯಿಡಲು ನೆಲೆಯಿಲ್ಲದವನಲ್ಲಿ ಕಂಡರು. ಎರಡನ್ನೂ ಬಲ್ಲವನು ಮಾತ್ರ ಆ ಬಿರುದನ್ನು ಪೂರ್ಣವಾಗಿ ಓದಿದಂತಾಗುತ್ತದೆ.

ಅಸ್ತು. ಮುಂದಿನ ಸೋಮವಾರ ನಾವು ತರಗತಿಯಲ್ಲಿ ನಮ್ಮ ಉತ್ತರವನ್ನು ತಿದ್ದಿಕೊಂಡೆವು. ಅದು ಒಂದು ಪ್ರಾಚೀನ ಪಂಥದ ಉತ್ತರವೆಂದೂ, ಆ ಗ್ರಂಥವನ್ನು ನಂಬಿ ನಡೆಯುವವರ ಉತ್ತರವು ಬೇರೆಯೆಂದೂ ತಿಳಿಸಿ, ಎರಡನೆಯದನ್ನು ಹೇಳಲು ಆ ಹುಡುಗನನ್ನೇ ನಿಲ್ಲಿಸಿದೆವು. ಅವನು ತಂದೆಯಿಂದ ಕೇಳಿದ್ದನ್ನು ಎರಡೇ ವಾಕ್ಯಗಳಲ್ಲಿ ಹೇಳಿ ಕುಳಿತನು. ಕಪ್ಪುಹಲಗೆಯ ಮೇಲೆ ‘ಮನುಷ್ಯನ + ಕುಮಾರ’ ಎಂದು ಬರೆದುದು ಹಾಗೆಯೇ ಇತ್ತು. ಅಳಿಸಬೇಕಾದುದು ಏನೂ ಇರಲಿಲ್ಲ. ಉಪಾಧ್ಯಾಯ ಮಿತ್ರರು ವಿಗ್ರಹವಾಕ್ಯವನ್ನು ಕಲಿಸುವಾಗ ‘ಯಾರ?’ ಎಂಬ ಪ್ರಶ್ನೆಯನ್ನು ಮಕ್ಕಳು ಕೇಳಿದರೆ ಅವಸರದಿಂದ ಉತ್ತರಿಸದೆ, ಆ ಮಾತು ಯಾರದೋ ಅವರನ್ನು ಮೊದಲು ಕೇಳಲಿ ಎಂಬಷ್ಟೇ ನಮ್ಮ ಬಿನ್ನಹ.